ಕಂಪ್ಯೂಟರ್ ಆನ್ ಆಗುವಾಗ ಎರರ್ ಬಂದರೆ: ಯಾವ ಹಂತದಲ್ಲಿ ಬಂತೆಂದು ನೋಡಿ, ಅಲ್ಲಿಂದಲೇ ಸರಿಪಡಿಸಿ

ಕಂಪ್ಯೂಟರ್ ಆನ್ ಮಾಡಿದಾಗ ಎರರ್ ಕಂಡ ಕೂಡಲೇ ಹೆಚ್ಚಿನವರು ಮಾಡುವುದು ಎರಡೇ: ಪವರ್ ಬಟನ್ ಒತ್ತಿ ಮತ್ತೆ ಮತ್ತೆ ಆನ್-ಆಫ್ ಮಾಡುತ್ತಾರೆ, ಇಲ್ಲವೇ ವಿಂಡೋಸನ್ನೇ ಹೊಸದಾಗಿ ಹಾಕಿಬಿಡುತ್ತಾರೆ. ಎರಡರಿಂದಲೂ ನಷ್ಟವಾಗಬಹುದು. ಕೆಡುತ್ತಿರುವ ಹಾರ್ಡ್‌ಡಿಸ್ಕ್ ಪ್ರತಿ ಸಲ ಆನ್ ಮಾಡಿದಾಗಲೂ ಇನ್ನಷ್ಟು ಕೆಡುತ್ತದೆ. ಮದರ್‌ಬೋರ್ಡಿನ ಸೆಲ್ ಖಾಲಿಯಾಗಿದ್ದರೆ ವಿಂಡೋಸ್ ಎಷ್ಟು ಸಲ ಹಾಕಿದರೂ ಎರರ್ ಹೋಗುವುದಿಲ್ಲ, ಫೈಲ್‌ಗಳು ಮಾತ್ರ ಹೋಗುತ್ತವೆ.

ಸಂದೇಶದಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ಮೊದಲು ಅದು ಯಾವಾಗ ಬಂತು ಎಂಬುದನ್ನು ಗಮನಿಸಬೇಕು. ಪವರ್ ಬಟನ್ ಒತ್ತಿದ ಮೇಲೆ ಕೆಲಸ ನಾಲ್ಕು ಕೈ ಬದಲಾಗುತ್ತದೆ. ಮೊದಲು ಮದರ್‌ಬೋರ್ಡಿನಲ್ಲೇ ಇರುವ ಬಯೋಸ್ ಎಂಬ ಪುಟ್ಟ ತಂತ್ರಾಂಶ ಎದ್ದು ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಕೀಬೋರ್ಡ್ ಎಲ್ಲವನ್ನೂ ಪರೀಕ್ಷಿಸುತ್ತದೆ. ಆಮೇಲೆ ಅದು ಡಿಸ್ಕ್ ಹುಡುಕಿ, ಅದರಲ್ಲಿರುವ ಬೂಟ್‌ಲೋಡರನ್ನು ಕರೆಯುತ್ತದೆ. ಬೂಟ್‌ಲೋಡರ್ ವಿಂಡೋಸ್ ಅಥವಾ ಲಿನಕ್ಸನ್ನು ಮೆಮೊರಿಗೆ ತರುತ್ತದೆ. ಕೊನೆಗೆ ಲಾಗಿನ್ ಆದ ಮೇಲೆ, ತಾನಾಗಿಯೇ ಶುರುವಾಗುವ ಪ್ರೋಗ್ರಾಮ್‌ಗಳು ಒಂದೊಂದಾಗಿ ಏಳುತ್ತವೆ. ಕಂಪನಿಯ ಲೋಗೋಗಿಂತ ಮೊದಲೇ ಬಂದ ಎರರ್‌ಗೂ ವಿಂಡೋಸಿಗೂ ಸಂಬಂಧವಿಲ್ಲ. ಡೆಸ್ಕ್‌ಟಾಪ್ ಕಾಣಿಸಿದ ಮೇಲೆ ಬಂದ ಎರರ್‌ಗೆ ರ‍್ಯಾಮ್ ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಏನನ್ನೂ ಮುಟ್ಟುವ ಮೊದಲು

ಸಂದೇಶದ ಫೋಟೋ ತೆಗೆಯಿರಿ. ಕೋಡ್‌ನಲ್ಲಿ ಒಂದು ಅಂಕಿ ತಪ್ಪಾದರೂ ಹುಡುಕಾಟ ಬೇರೆಡೆಗೆ ಹೋಗುತ್ತದೆ. ಪರದೆ ತಕ್ಷಣ ಮಾಯವಾಗುತ್ತಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ, ನಿಧಾನಕ್ಕೆ ಓಡಿಸಿ ನೋಡಿ.

ನಂತರ ಕೀಬೋರ್ಡ್, ಮೌಸ್, ಮಾನಿಟರ್ ಬಿಟ್ಟು ಉಳಿದುದೆಲ್ಲವನ್ನೂ ಕಳಚಿ: ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್, ಪ್ರಿಂಟರ್, ಮೆಮೊರಿ ಕಾರ್ಡ್, ಯುಎಸ್‌ಬಿ ಹಬ್. ಪವರ್ ವೈರ್ ತೆಗೆದು, ಪವರ್ ಬಟನ್ನನ್ನು 15 ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಮತ್ತೆ ವೈರ್ ಹಾಕಿ ಆನ್ ಮಾಡಿ. ಮರೆತು ಬಿಟ್ಟ ಪೆನ್‌ಡ್ರೈವ್‌ನಿಂದ ಬಂದ ‘ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್’ ಇಷ್ಟರಲ್ಲೇ ಹೋಗುತ್ತದೆ.

ಹೋಗದಿದ್ದರೆ, ಕೊನೆಯ ಸಲ ಸರಿಯಾಗಿ ಆನ್ ಆದದ್ದಕ್ಕೂ ಇವತ್ತಿಗೂ ನಡುವೆ ಏನು ಬದಲಾಯಿತು ಎಂದು ನೆನಪಿಸಿಕೊಳ್ಳಿ. ಹೊಸ ರ‍್ಯಾಮ್ ಹಾಕಿದಿರಾ? ಬಯೋಸ್ ಅಪ್‌ಡೇಟ್ ಆಯಿತೇ? ಹೊಸ ಡ್ರೈವರ್, ಹೊಸ ಆಂಟಿವೈರಸ್, ವಿಂಡೋಸ್ ಅಪ್‌ಡೇಟ್? ಆ ಬದಲಾವಣೆಯನ್ನು ಹಿಂದಕ್ಕೆ ತೆಗೆಯುವುದೇ ಮೊದಲ ಪ್ರಯತ್ನವಾಗಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಮೂರು ವಿಷಯ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಪರದೆ ಕಪ್ಪಗಿದೆ, ಬೀಪ್ ಸದ್ದು ಮಾತ್ರ

ಫ್ಯಾನ್ ತಿರುಗುತ್ತಿದೆ, ದೀಪ ಉರಿಯುತ್ತಿದೆ, ಪರದೆಯಲ್ಲಿ ಏನೂ ಇಲ್ಲ ಎಂದಾದರೆ ಬಯೋಸ್ ತನ್ನ ಪರೀಕ್ಷೆಯಲ್ಲೇ ನಿಂತಿದೆ. ಪರದೆಗೆ ಬರೆಯಲಾಗದ ಕಾರಣ ಅದು ಬೀಪ್ ಮೂಲಕ ಹೇಳುತ್ತದೆ. ಉದ್ದ ಎಷ್ಟು, ಗಿಡ್ಡ ಎಷ್ಟು ಎಂದು ಎಣಿಸಿ ಬರೆದುಕೊಳ್ಳಿ. ಈ ಕೋಡ್ ಕಂಪನಿಯಿಂದ ಕಂಪನಿಗೆ ಬೇರೆ. ಅವಾರ್ಡ್ ಬಯೋಸಿನಲ್ಲಿ ಒಂದು ಉದ್ದ, ಎರಡು ಗಿಡ್ಡ ಬಂದರೆ ಗ್ರಾಫಿಕ್ಸ್ ತೊಂದರೆ. ಅದೇ ಲೆಕ್ಕ ಬೇರೆ ಬಯೋಸಿಗೆ ಅನ್ವಯಿಸಬೇಕೆಂದಿಲ್ಲ. ಹಾಗಾಗಿ ನಿಮ್ಮ ಮಾಡೆಲ್ಲಿನ ಮ್ಯಾನ್ಯುಅಲ್‌ನಲ್ಲೇ ನೋಡಿ. ಇತ್ತೀಚಿನ ಅನೇಕ ಮದರ್‌ಬೋರ್ಡ್‌ಗಳಲ್ಲಿ ಸ್ಪೀಕರ್ ಇರುವುದಿಲ್ಲ, ಬದಲಿಗೆ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಯಾವುದು ಆರದೆ ಉಳಿಯಿತೋ ಅಲ್ಲಿಯೇ ತೊಂದರೆ.

ಈ ಹಂತದಲ್ಲಿ ಮೊದಲು ಅನುಮಾನಿಸಬೇಕಾದದ್ದು ರ‍್ಯಾಮನ್ನು. ಅದನ್ನು ತೆಗೆದು ಹಾಕುವ ಕ್ರಮ ಹೀಗೆ:

1. ಪವರ್ ವೈರ್ ಕಳಚಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ಕನೆಕ್ಟರನ್ನೂ ಬಿಡಿಸಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯಲಿ.
2. ಸ್ಲಾಟ್‌ನ ತುದಿಯ ಲಾಕ್ ಒತ್ತಿ ರ‍್ಯಾಮ್ ಹೊರತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಬೆರಳಿನಿಂದ ಮುಟ್ಟಬೇಡಿ. ಅಲ್ಲಿ ಮಸುಕಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೇವ ಮಾಡಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡಿ.
3. ಒಂದೇ ಒಂದು ಸ್ಟಿಕ್ ಹಾಕಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮೊದಲ ಆಯ್ಕೆ; ಎರಡು ಸ್ಟಿಕ್ ಇದ್ದರೆ ಎರಡನೆಯದು ಮತ್ತು ನಾಲ್ಕನೆಯದು. ಎರಡೂ ತುದಿಗಳನ್ನು ಸಮವಾಗಿ ಒತ್ತಿ, ‘ಟಕ್’ ಎಂದು ಲಾಕ್ ಕೂರಬೇಕು. ಒಂದು ತುದಿ ಅರ್ಧ ಮಿಲಿಮೀಟರ್ ಎದ್ದಿದ್ದರೂ ಬೂಟ್ ಆಗದೇ ಇರಬಹುದು.
4. ಆನ್ ಮಾಡಿ ನೋಡಿ. ಆಗದಿದ್ದರೆ ಅದೇ ಸ್ಲಾಟಿಗೆ ಇನ್ನೊಂದು ಸ್ಟಿಕ್, ಅದೂ ಆಗದಿದ್ದರೆ ಬೇರೆ ಸ್ಲಾಟ್.

ಡಿಡಿಆರ್5 ರ‍್ಯಾಮ್ ಇರುವ ಯಂತ್ರದಲ್ಲಿ ಸ್ಟಿಕ್ ಬದಲಿಸಿದ ನಂತರ ಮೊದಲ ಬೂಟ್‌ಗೆ ಕೆಲವು ನಿಮಿಷ ಹಿಡಿಯಬಹುದು. ಬಯೋಸ್ ಆಗ ಮೆಮೊರಿಯ ವೇಗವನ್ನು ಹೊಂದಿಸಿಕೊಳ್ಳುತ್ತಿರುತ್ತದೆ, ಪರದೆ ಅಷ್ಟೂ ಹೊತ್ತು ಕಪ್ಪಗೇ ಇರುತ್ತದೆ. ಗಾಬರಿಯಾಗಿ ನಡುವೆ ಆಫ್ ಮಾಡಿದರೆ ಆ ಕೆಲಸ ಮತ್ತೆ ಮೊದಲಿನಿಂದ ಶುರು.

ರ‍್ಯಾಮ್ ಸರಿಯಿದೆ ಎಂದಾದರೆ ಗ್ರಾಫಿಕ್ಸ್ ಕಾರ್ಡನ್ನು ತೆಗೆದು ಕೂರಿಸಿ, ಅದರ ಪವರ್ ವೈರ್ ನೋಡಿ. ಮದರ್‌ಬೋರ್ಡಿನ ಮೇಲ್ಭಾಗದಲ್ಲಿ ಪ್ರೊಸೆಸರಿಗೆಂದೇ ಇರುವ 8 ಪಿನ್ನಿನ ವೈರ್ ಸಡಿಲವಾಗಿದೆಯೇ ಎಂದು ಪರೀಕ್ಷಿಸಿ. ಅದಿಲ್ಲದೆ ಫ್ಯಾನ್ ತಿರುಗುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿಗೆ ಚುಚ್ಚಿರುವುದೂ ತುಂಬ ಸಾಮಾನ್ಯ.

ಗಡಿಯಾರದ ಎರರ್, ಮತ್ತು ಅದರ ಬೆನ್ನಿಗೆ ಬರುವ ದೊಡ್ಡ ತೊಂದರೆ

‘ಸಿಮಾಸ್ ಚೆಕ್‌ಸಮ್ ಎರರ್’, ‘ಟೈಮ್ ಆಫ್ ಡೇ ನಾಟ್ ಸೆಟ್’, ‘ಪ್ರೆಸ್ ಎಫ್‌1 ಟು ರನ್ ಸೆಟಪ್’ ಎಂಬ ಸಂದೇಶಗಳು ಬಂದು, ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸೆಲ್ ಮುಗಿದಿದೆ. ಡೆಸ್ಕ್‌ಟಾಪ್‌ಗಳಲ್ಲಿ ಅದು ಹೆಚ್ಚಾಗಿ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್. ಮಲ್ಟಿಮೀಟರಿನಲ್ಲಿ 2.8 ವೋಲ್ಟಿಗಿಂತ ಕೆಳಗೆ ತೋರಿಸಿದರೆ ಬದಲಿಸಿ. ಲ್ಯಾಪ್‌ಟಾಪ್‌ಗಳಲ್ಲಿ ಇದೇ ಸೆಲ್ಲಿಗೆ ಎರಡು ವೈರ್ ಮತ್ತು ಪುಟ್ಟ ಕನೆಕ್ಟರ್ ಇರಬಹುದು. ವೈರ್ ಇರುವುದನ್ನೇ ತನ್ನಿ, ಬೆಸುಗೆ ಹಾಕಲು ಹೋಗಬೇಡಿ.

ಎಫ್‌1 ಒತ್ತಿ ಮುಂದೆ ಹೋಗಿ ದಿನ ದೂಡುವವರು ಹೆಚ್ಚು. ಆದರೆ ತಪ್ಪು ದಿನಾಂಕದಿಂದ ಬ್ರೌಸರಿನಲ್ಲಿ ಸುರಕ್ಷಿತ ಸೈಟ್‌ಗಳು ‘ಸರ್ಟಿಫಿಕೇಟ್ ಎರರ್’ ಎಂದು ತೆರೆಯುವುದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಸೆಲ್ ಮುಗಿದಾಗ ಅಥವಾ ತೆಗೆದಾಗ ಬಯೋಸ್ ಸೆಟ್ಟಿಂಗ್‌ಗಳೂ ಕಾರ್ಖಾನೆಯ ಸ್ಥಿತಿಗೆ ಮರಳಬಹುದು. ಡಿಸ್ಕಿನ ಜೊತೆ ಮಾತಾಡುವ ಕಂಟ್ರೋಲರ್ ಎಎಚ್‌ಸಿಐ ಮೋಡ್‌ನಿಂದ ರೇಡ್‌ಗೆ, ಅಥವಾ ರೇಡ್‌ನಿಂದ ಎಎಚ್‌ಸಿಐಗೆ ಬದಲಾಯಿತೆನ್ನಿ (ಬಯೋಸಿನಲ್ಲಿ ಈ ಸೆಟ್ಟಿಂಗಿಗೆ ಸಾಟಾ ಮೋಡ್ ಎಂದು ಹೆಸರು). ವಿಂಡೋಸ್ ಹಳೆಯ ಮೋಡಿನ ಡ್ರೈವರ್ ಹಿಡಿದುಕೊಂಡು ಏಳುತ್ತದೆ, ಡಿಸ್ಕ್ ಕಾಣದೆ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆಯಲ್ಲಿ ನಿಲ್ಲುತ್ತದೆ. ಡಿಸ್ಕ್ ಚೆನ್ನಾಗಿಯೇ ಇರುತ್ತದೆ, ವಿಂಡೋಸ್ ಕೂಡ. ಇಂಥ ಯಂತ್ರಕ್ಕೆ ಹೊಸ ವಿಂಡೋಸ್ ಹಾಕುವುದು ದೊಡ್ಡ ಅನ್ಯಾಯ. ಬಯೋಸಿಗೆ ಹೋಗಿ ಸಾಟಾ ಮೋಡನ್ನು ಮೊದಲಿದ್ದುದಕ್ಕೆ ತಿರುಗಿಸಿದರೆ ಸಾಕು. ಇಂಟೆಲ್ 11ನೇ ಪೀಳಿಗೆ ಮತ್ತು ನಂತರದ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಪಾತ್ರವನ್ನು ‘ವಿಎಂಡಿ’ ಎಂಬ ಸೆಟ್ಟಿಂಗ್ ವಹಿಸುತ್ತದೆ. ಆದ್ದರಿಂದ ಯಂತ್ರ ಸರಿಯಾಗಿರುವಾಗಲೇ ಬಯೋಸಿನ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ಸೆಲ್ ಬದಲಿಸಿದ ಮೇಲೆ ದಿನಾಂಕ, ಬೂಟ್ ಕ್ರಮ, ಸಾಟಾ ಮೋಡ್, ಯುಇಎಫ್‌ಐ ಮೋಡ್ (ಬೂಟ್ ಮಾಡುವ ಹೊಸ ವಿಧಾನ, ಹಳೆಯದಕ್ಕೆ ಲೆಗಸಿ ಎನ್ನುತ್ತಾರೆ) ಈ ನಾಲ್ಕನ್ನೂ ಫೋಟೋದ ಜೊತೆ ಹೋಲಿಸಿ.

ಬಯೋಸಿನಲ್ಲಿ ಇಂಥ ಬದಲಾವಣೆಯಾದಾಗ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳುವುದೂ ಉಂಟು. ಇದು ಎರರ್ ಅಲ್ಲ, ವೈರಸ್ಸೂ ಅಲ್ಲ. ಬಿಟ್‌ಲಾಕರ್ ತಾವು ಹಾಕಿಯೇ ಇಲ್ಲ ಎನ್ನುವವರ ಲ್ಯಾಪ್‌ಟಾಪಿನಲ್ಲೂ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿ ಶುರುವಾಗಿರಬಹುದು. ಇನ್ನೊಂದು ಸಾಧನದಿಂದ ಅದೇ ಖಾತೆಗೆ ಲಾಗಿನ್ ಆಗಿ, ಪರದೆಯ ಮೇಲಿರುವ ಕೀ ಐಡಿಗೆ ಹೊಂದುವ ರಿಕವರಿ ಕೀ ಹುಡುಕಿ. ಕಚೇರಿಯ ಲ್ಯಾಪ್‌ಟಾಪ್ ಆದರೆ ಅಲ್ಲಿಯ ಐಟಿ ವಿಭಾಗದವರ ಬಳಿ ಇರುತ್ತದೆ. ಕೀ ಎಲ್ಲೂ ಸಿಗದಿದ್ದರೆ ಡೇಟಾ ತೆರೆಯಲು ಬೇರೆ ದಾರಿಯಿಲ್ಲ. ಹಾಗಾಗಿ ಇದನ್ನು ಓದುತ್ತಿರುವಾಗ ನಿಮ್ಮ ಯಂತ್ರ ಸರಿಯಾಗಿದ್ದರೆ, ಆ ಕೀಯನ್ನು ಇವತ್ತೇ ಕಾಗದದಲ್ಲಿ ಬರೆದಿಡಿ.

ಲೋಗೋ ಹಂತದ ಇನ್ನಷ್ಟು ಸಂದೇಶಗಳು

‘ಸಿಪಿಯು ಫ್ಯಾನ್ ಎರರ್’ ಬಂದರೆ ಎಫ್‌1 ಒತ್ತಿ ಮುಂದುವರಿಯಬೇಡಿ. ಮುಚ್ಚಳ ತೆಗೆದು ಫ್ಯಾನ್ ತಿರುಗುತ್ತಿದೆಯೇ ನೋಡಿ. ತಿರುಗುತ್ತಿಲ್ಲವಾದರೆ ಧೂಳು, ವೈರ್ ಸಿಕ್ಕಿಕೊಂಡಿರುವುದು ಅಥವಾ ಕೆಟ್ಟ ಫ್ಯಾನ್. ತಿರುಗುತ್ತಿದ್ದೂ ಎರರ್ ಬಂದರೆ ಅದರ ವೈರ್ ‘ಸಿಪಿಯು ಫ್ಯಾನ್’ ಎಂದು ಬರೆದ ಪಿನ್ನಿನ ಬದಲು ಕ್ಯಾಬಿನೆಟ್ ಫ್ಯಾನಿನ ಪಿನ್ನಿಗೆ ಸೇರಿರುತ್ತದೆ, ಇಲ್ಲವೇ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನ್ ಬಯೋಸಿನ ಕನಿಷ್ಠ ವೇಗದ ಮಿತಿಗಿಂತ ಕೆಳಗಿರುತ್ತದೆ. ಎರಡನೆಯದಕ್ಕೆ ಆ ಮಿತಿಯನ್ನು ನಿಮಿಷಕ್ಕೆ 600 ಸುತ್ತಿನಿಂದ 200ಕ್ಕೆ ಇಳಿಸಬಹುದು. ಎಚ್‌ಪಿ ಲ್ಯಾಪ್‌ಟಾಪ್‌ಗಳಲ್ಲಿ ಇದೇ ದೂರು 90ಬಿ ಎಂಬ ಕೋಡ್‌ನೊಂದಿಗೆ ಬರುತ್ತದೆ. ‘ಓವರ್ ಟೆಂಪರೇಚರ್’ ಎಂದಿದ್ದರೆ ಕೂಲರ್ ಸಡಿಲವಾಗಿದೆ ಅಥವಾ ಥರ್ಮಲ್ ಪೇಸ್ಟ್ ಒಣಗಿದೆ.

‘ಕೀಬೋರ್ಡ್ ಎರರ್’ ಎಂದಾಗ ಯಾವುದಾದರೂ ಕೀ ಒತ್ತಿಕೊಂಡೇ ಇದೆಯೇ ನೋಡಿ. ಕೀಬೋರ್ಡ್ ಮೇಲೆ ಇಟ್ಟ ಪುಸ್ತಕವೂ ಸಾಕು. ಯುಎಸ್‌ಬಿ ಹಬ್ ಬಿಟ್ಟು ಹಿಂಬದಿಯ ಪೋರ್ಟಿಗೆ ನೇರವಾಗಿ ಚುಚ್ಚಿ. ಡೆಲ್ ಲ್ಯಾಪ್‌ಟಾಪ್‌ಗಳಲ್ಲಿ ಅಡಾಪ್ಟರಿನ ಪ್ರಕಾರ ಗುರುತಿಸಲಾಗುತ್ತಿಲ್ಲ ಎಂಬ ಸಂದೇಶ ಬಂದು ಬ್ಯಾಟರಿ ಚಾರ್ಜ್ ಆಗದೆ, ಯಂತ್ರವೂ ನಿಧಾನವಾದರೆ ಚಾರ್ಜರ್ ಪಿನ್ನಿನ ನಡುವಿನ ತೆಳು ಸೂಜಿ ಬಾಗಿದೆಯೇ ಪರೀಕ್ಷಿಸಿ. ಚಾರ್ಜರ್ ಎಷ್ಟು ವ್ಯಾಟಿನದು ಎಂಬ ಮಾಹಿತಿ ಆ ಸೂಜಿಯ ಮೂಲಕವೇ ಹೋಗುತ್ತದೆ.

ಬೂಟ್ ಡಿಸ್ಕ್ ಸಿಗುತ್ತಿಲ್ಲ

‘ನೋ ಬೂಟಬಲ್ ಡಿವೈಸ್’, ‘ರೀಬೂಟ್ ಆ್ಯಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’, ಎಚ್‌ಪಿಯ 3ಎಫ್0 ಇವೆಲ್ಲ ಹೇಳುವುದು ಒಂದನ್ನೇ: ಬಯೋಸ್ ಹುಡುಕಿತು, ಏಳಿಸಬಲ್ಲ ಡಿಸ್ಕ್ ಸಿಗಲಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಬಯೋಸಿನ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಕಾಣುತ್ತಿದೆಯೇ?

ಯಂತ್ರ ಆನ್ ಮಾಡುತ್ತಿದ್ದಂತೆ ಡಿಲೀಟ್ ಅಥವಾ ಎಫ್‌2 ಕೀಯನ್ನು ಮತ್ತೆ ಮತ್ತೆ ಒತ್ತಿದರೆ ಬಯೋಸ್ ತೆರೆಯುತ್ತದೆ. ಎಚ್‌ಪಿಯಲ್ಲಿ ಎಫ್‌10. ಆ ಸಲಕ್ಕೆ ಮಾತ್ರ ಬೂಟ್ ಡಿಸ್ಕ್ ಆರಿಸುವ ಮೆನು ಡೆಲ್, ಲೆನೊವೊ, ಗಿಗಾಬೈಟ್‌ಗಳಲ್ಲಿ ಎಫ್‌12, ಎಚ್‌ಪಿಯಲ್ಲಿ ಎಫ್‌9, ಎಂಎಸ್‌ಐಯಲ್ಲಿ ಎಫ್‌11, ಆಸೂಸ್ ಮದರ್‌ಬೋರ್ಡ್‌ಗಳಲ್ಲಿ ಎಫ್‌8.

ಡಿಸ್ಕ್ ಕಾಣುತ್ತಿದ್ದರೆ ತೊಂದರೆ ಸೆಟ್ಟಿಂಗಿನಲ್ಲೋ ಬೂಟ್‌ಲೋಡರಿನಲ್ಲೋ ಇದೆ. ಬೂಟ್ ಕ್ರಮದಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲಿರಲಿ. ವಿಂಡೋಸ್ ಯುಇಎಫ್‌ಐ ಮೋಡಿನಲ್ಲಿ ಜಿಪಿಟಿ (ಡಿಸ್ಕನ್ನು ಭಾಗ ಮಾಡುವ ಹೊಸ ಬಗೆ) ಡಿಸ್ಕಿಗೆ ಹಾಕಿದ್ದರೆ, ಬಯೋಸನ್ನು ಲೆಗಸಿ ಮೋಡಿಗೆ ಬದಲಿಸಿದಾಗ ಅದು ಬೂಟ್ ಆಗುವುದಿಲ್ಲ. ಎಂಬಿಆರ್ (ಅದರ ಹಳೆಯ ಬಗೆ) ಡಿಸ್ಕಿನ ಹಳೆಯ ವಿಂಡೋಸಿಗೆ ಇದು ತಿರುಗುಮುರುಗು. ಮೋಡನ್ನು ಮೊದಲಿದ್ದಂತೆ ಮಾಡಿದರೆ ಆಯಿತು.

ಡಿಸ್ಕ್ ಕಾಣದೇ ಇದ್ದರೆ ಅದು ಹಾರ್ಡ್‌ವೇರ್ ವಿಷಯ. ಕೇಬಲ್ಲಿನಿಂದ ಸೇರುವ ಸಾಟಾ ಡಿಸ್ಕ್ ಆದರೆ ಡೇಟಾ ಕೇಬಲ್ ಬದಲಿಸಿ, ಮದರ್‌ಬೋರ್ಡಿನ ಬೇರೆ ಪೋರ್ಟಿಗೆ ಹಾಕಿ, ಪವರ್ ಕನೆಕ್ಟರ್ ಬದಲಿಸಿ. ಮದರ್‌ಬೋರ್ಡಿಗೇ ನೇರವಾಗಿ ಕೂರುವ ಎಂ.2 ಎಸ್‌ಎಸ್‌ಡಿ ಆದರೆ ಸ್ಕ್ರೂ ಬಿಚ್ಚಿ, ಕಾರ್ಡನ್ನು ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ ಸ್ಕ್ರೂ ಹಾಕಿ. ಹೊಸದಾಗಿ ಎಂ.2 ಹಾಕಿದ ಬಳಿಕ ಹಳೆಯ ಸಾಟಾ ಡಿಸ್ಕ್ ಮಾಯವಾದರೆ ಗಾಬರಿಯಾಗಬೇಡಿ. ಅನೇಕ ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ಮತ್ತು ಒಂದೆರಡು ಸಾಟಾ ಪೋರ್ಟ್‌ಗಳು ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಒಂದನ್ನು ಬಳಸಿದರೆ ಇನ್ನೊಂದು ಮುಚ್ಚಿಕೊಳ್ಳುತ್ತದೆ. ಯಾವ ಪೋರ್ಟ್ ಎಂಬುದು ಮ್ಯಾನ್ಯುಅಲ್‌ನಲ್ಲಿ ಇರುತ್ತದೆ.

ಈ ಹಂತದ ಅತಿ ಗಂಭೀರ ಸಂದೇಶ ‘ಸ್ಮಾರ್ಟ್ ಸ್ಟೇಟಸ್ ಬ್ಯಾಡ್, ಬ್ಯಾಕಪ್ ಆ್ಯಂಡ್ ರಿಪ್ಲೇಸ್’. ಎಚ್‌ಪಿಯಲ್ಲಿ ಇದಕ್ಕೆ 301 ಎಂಬ ಕೋಡ್. ಡಿಸ್ಕ್ ತನ್ನೊಳಗಿನ ಲೆಕ್ಕ ನೋಡಿ ತಾನು ಹೆಚ್ಚು ಕಾಲ ಉಳಿಯುವುದಿಲ್ಲ ಎಂದು ಹೇಳುತ್ತಿದೆ. ಈ ಎಚ್ಚರಿಕೆಯನ್ನು ಬಯೋಸಿನಲ್ಲಿ ಆಫ್ ಮಾಡಬಹುದು, ದಯವಿಟ್ಟು ಮಾಡಬೇಡಿ. ಡಿಸ್ಕ್ ರಿಪೇರಿಯ ಯಾವ ಕಮಾಂಡನ್ನೂ ಓಡಿಸುವ ಮೊದಲು ಫೈಲ್‌ಗಳನ್ನು ಹೊರತೆಗೆಯಿರಿ, ಅದರಲ್ಲೂ ಮತ್ತೆ ಸಿಗದಂಥದ್ದನ್ನು ಮೊದಲು: ಫೋಟೋ, ದಾಖಲೆ, ಲೆಕ್ಕಪತ್ರ. ರಿಪೇರಿ ಕಮಾಂಡ್ ಇಡೀ ಡಿಸ್ಕನ್ನು ಮೂಲೆ ಮೂಲೆ ಓದಿಸುತ್ತದೆ, ಬಳಲಿದ ಡಿಸ್ಕ್ ಅದರಲ್ಲೇ ನಿಂತುಹೋಗಬಹುದು. ‘ಟಕ್ ಟಕ್’ ಎಂಬ ಸದ್ದು ಬರುತ್ತಿದ್ದರೆ ತಕ್ಷಣ ಆಫ್ ಮಾಡಿ. ಆ ಡೇಟಾ ನಿಜವಾಗಿಯೂ ಬೇಕಿದ್ದರೆ ಡೇಟಾ ರಿಕವರಿ ಮಾಡುವವರಿಗೇ ಕೊಡಿ.

ಬೂಟ್‌ಲೋಡರ್ ಹಾಳಾಗಿದ್ದರೆ

‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ವಿಂಡೋಸ್ ಎಕ್ಸ್‌ಪಿ ಕಾಲದ್ದು. ವಿಸ್ಟಾದಿಂದ ಈಚೆಗೆ ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’. 0ಎಕ್ಸ್‌ಸಿ000000ಎಫ್ ಮತ್ತು 0ಎಕ್ಸ್‌ಸಿ0000225 ಕೋಡ್‌ಗಳು ಬಂದರೆ, ಯಾವ ಡಿಸ್ಕಿನಿಂದ ಯಾವ ವಿಂಡೋಸನ್ನು ಏಳಿಸಬೇಕು ಎಂದು ಬರೆದಿಟ್ಟ ಬಿಸಿಡಿ ಎಂಬ ಕಡತ ಕೆಟ್ಟಿದೆ ಅಥವಾ ಅದು ತೋರಿಸುವ ಜಾಗದಲ್ಲಿ ವಿಂಡೋಸ್ ಸಿಗುತ್ತಿಲ್ಲ ಎಂದರ್ಥ. 0ಎಕ್ಸ್‌ಸಿ00000ಇ9 ಬಂದರೆ ಮಾತ್ರ ಮೊದಲು ಕೇಬಲ್ ಮತ್ತು ಡಿಸ್ಕನ್ನೇ ಅನುಮಾನಿಸಿ, ಅದು ಓದು-ಬರಹದಲ್ಲಾದ ತಪ್ಪು.

ಇದಕ್ಕೆ ವಿಂಡೋಸ್ ಇನ್‌ಸ್ಟಾಲೇಷನ್ ಪೆನ್‌ಡ್ರೈವ್ ಬೇಕು. ಇನ್ನೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ತಯಾರಿಸಿ. ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಅದರಿಂದ ಬೂಟ್ ಮಾಡಿ, ‘ಇನ್‌ಸ್ಟಾಲ್’ ಒತ್ತದೆ ‘ರಿಪೇರ್ ಯುವರ್ ಕಂಪ್ಯೂಟರ್’ ಆರಿಸಿ, ಅಲ್ಲಿಂದ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್. ಮೊದಲು ‘ಸ್ಟಾರ್ಟಪ್ ರಿಪೇರ್’ ಓಡಿಸಿ. ಆಗದಿದ್ದರೆ ಕಮಾಂಡ್ ಪ್ರಾಂಪ್ಟ್. ಕೆಳಗಿನ ಕಮಾಂಡ್‌ಗಳನ್ನು ಉಚ್ಚರಿಸಿದಂತೆ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಹಳೆಯ ಲೆಗಸಿ ಯಂತ್ರಗಳಿಗೆ ‘ಬೂಟ್‌ರೆಕ್ /ಫಿಕ್ಸ್‌ಎಂಬಿಆರ್’, ‘ಬೂಟ್‌ರೆಕ್ /ಫಿಕ್ಸ್‌ಬೂಟ್’, ‘ಬೂಟ್‌ರೆಕ್ /ರೀಬಿಲ್ಡ್‌ಬಿಸಿಡಿ’ ಎಂಬ ಮೂರು ಕಮಾಂಡ್‌ಗಳು ಸಾಕಾಗುತ್ತವೆ. ಯುಇಎಫ್‌ಐ ಯಂತ್ರಗಳಲ್ಲಿ ಎರಡನೆಯದು ಹೆಚ್ಚಾಗಿ ‘ಆ್ಯಕ್ಸೆಸ್ ಈಸ್ ಡಿನೈಡ್’ ಎನ್ನುತ್ತದೆ. ಅಲ್ಲೇ ಹೆಣಗಾಡಬೇಡಿ. ಬೂಟ್ ಫೈಲ್‌ಗಳನ್ನೇ ಹೊಸದಾಗಿ ಬರೆಯುವುದು ಸುಲಭ:

1. ‘ಡಿಸ್ಕ್‌ಪಾರ್ಟ್’ ಎಂದು ಟೈಪಿಸಿ ಎಂಟರ್ ಒತ್ತಿ, ಆಮೇಲೆ ‘ಲಿಸ್ಟ್ ವಾಲ್ಯೂಮ್’.
2. ಪಟ್ಟಿಯಲ್ಲಿ ಎಫ್‌ಎಟಿ32 ಎಂದಿರುವ, ಸಾಮಾನ್ಯವಾಗಿ 100ರಿಂದ 300 ಎಂಬಿಯ ಪುಟ್ಟ ವಾಲ್ಯೂಮ್ ಹುಡುಕಿ. ಇದೇ ಇಎಫ್‌ಐ ಪಾರ್ಟಿಷನ್. ಪೆನ್‌ಡ್ರೈವ್ ಕೂಡ ಎಫ್‌ಎಟಿ32 ಇರಬಹುದು. ಗಾತ್ರ ನೋಡಿ ಬೇರ್ಪಡಿಸಿ. ವಿಂಡೋಸ್ ಇರುವ ದೊಡ್ಡ ವಾಲ್ಯೂಮಿಗೆ ಯಾವ ಅಕ್ಷರವಿದೆ ಎಂದೂ ಬರೆದುಕೊಳ್ಳಿ. ರಿಕವರಿಯಲ್ಲಿ ಅದು ಸಿ ಆಗಿಯೇ ಇರಬೇಕೆಂದಿಲ್ಲ, ಡಿ ಆಗಿರಬಹುದು.
3. ಆ ಪುಟ್ಟ ವಾಲ್ಯೂಮಿನ ಸಂಖ್ಯೆ 3 ಆಗಿದ್ದರೆ ‘ಸೆಲೆಕ್ಟ್ ವಾಲ್ಯೂಮ್ 3’, ನಂತರ ‘ಅಸೈನ್ ಲೆಟರ್=ಝಡ್’, ನಂತರ ‘ಎಕ್ಸಿಟ್’.
4. ‘ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಝಡ್: /ಎಫ್ ಯುಇಎಫ್‌ಐ’ ಎಂದು ಕೊಡಿ. ಸಿ ಬದಲು ನೀವು ಬರೆದುಕೊಂಡ ಅಕ್ಷರ ಹಾಕಿ. ಬೂಟ್ ಫೈಲ್‌ಗಳು ಸೃಷ್ಟಿಯಾದವು ಎಂಬ ಸಂದೇಶ ಬಂದರೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ.

ಡಿಸ್ಕ್‌ಪಾರ್ಟ್ ಒಳಗೆ ‘ಕ್ಲೀನ್’ ಮತ್ತು ‘ಫಾರ್ಮ್ಯಾಟ್’ ಎಂಬ ಪದಗಳನ್ನು ಟೈಪಿಸಲೇಬೇಡಿ. ‘ಖಚಿತವೇ’ ಎಂದು ಕೇಳದೆಯೇ ಅವು ಕೆಲಸ ಮುಗಿಸಿಬಿಡುತ್ತವೆ.

ಇದೇ ಕಮಾಂಡ್ ಪ್ರಾಂಪ್ಟ್‌ನಿಂದ ಫೈಲ್‌ಗಳನ್ನೂ ಹೊರತೆಗೆಯಬಹುದು. ‘ನೋಟ್‌ಪ್ಯಾಡ್’ ಎಂದು ಟೈಪಿಸಿ, ಅದರ ಫೈಲ್ ಮೆನುವಿನಿಂದ ಓಪನ್ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿ. ತೆರೆದ ಕಿಟಕಿಯಲ್ಲಿ ಫೋಲ್ಡರನ್ನು ಕಾಪಿ ಮಾಡಿ ಹೊರಗಿನ ಡಿಸ್ಕಿಗೆ ಪೇಸ್ಟ್ ಮಾಡಬಹುದು. ವಿಂಡೋಸ್ ಏಳದಿದ್ದರೂ ಡೇಟಾ ಉಳಿಸಿಕೊಳ್ಳಲು ಇದಕ್ಕಿಂತ ಸರಳ ದಾರಿ ಇಲ್ಲ.

ಲಿನಕ್ಸ್ ಜೊತೆಗಿದ್ದ ಯಂತ್ರದಲ್ಲಿ ಲಿನಕ್ಸ್ ಪಾರ್ಟಿಷನ್ ಅಳಿಸಿದ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂದು (ಗ್ರಬ್ ಎಂದರೆ ಲಿನಕ್ಸಿನ ಬೂಟ್‌ಲೋಡರ್) ನಿಂತರೆ ಬಯೋಸಿನ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲೆ ತನ್ನಿ, ಯುಇಎಫ್‌ಐ ಯಂತ್ರವಾದರೆ ಅಷ್ಟೇ ಸಾಕು.

ನೀಲಿ ಪರದೆ ಮತ್ತು ರಿಪೇರಿಯ ಸುತ್ತಾಟ

ವಿಂಡೋಸ್ ಅರ್ಧ ಎದ್ದು ಬಿದ್ದರೆ ನೀಲಿ ಪರದೆ ಬರುತ್ತದೆ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಕಪ್ಪು. ಕೆಳಗಿರುವ ‘ಸ್ಟಾಪ್ ಕೋಡ್’ ಮುಖ್ಯ, ಜೊತೆಗೆ ಫೈಲಿನ ಹೆಸರಿದ್ದರೆ ಅದನ್ನೂ ಬರೆದುಕೊಳ್ಳಿ. ತಪ್ಪು ಮಾಡಿದ ಡ್ರೈವರ್ ಹೆಚ್ಚಾಗಿ ಅದೇ. ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿದ್ದರೆ, ಅಥವಾ ಪ್ರತಿ ಸಲವೂ ಬೇರೆ ಬೇರೆ ಕೋಡ್ ಬರುತ್ತಿದ್ದರೆ ರ‍್ಯಾಮ್ ಪರೀಕ್ಷಿಸಿ: ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ತಪ್ಪು ಕಂಡರೂ ಆ ಸ್ಟಿಕ್ ಬದಲಿಸಬೇಕು. ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಆನ್ ಇದ್ದರೆ ಮೊದಲು ಅದನ್ನು ಆಫ್ ಮಾಡಿ ಪರೀಕ್ಷಿಸಿ.

ಡೆಸ್ಕ್‌ಟಾಪ್ ತನಕ ಹೋಗಲಾಗದಿದ್ದರೆ, ಲೋಗೋ ಕೆಳಗೆ ಚುಕ್ಕಿಗಳು ಸುತ್ತಲು ಶುರುವಾದಾಗ ಪವರ್ ಬಟನ್ 10 ಸೆಕೆಂಡು ಒತ್ತಿ ಆಫ್ ಮಾಡಿ. ಹೀಗೆ ಎರಡು ಮೂರು ಸಲ ತಡೆದರೆ ವಿಂಡೋಸ್ ತಾನೇ ರಿಕವರಿ ಪರದೆ ತೆರೆಯುತ್ತದೆ. ಅಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ, ನಿನ್ನೆ ಅಪ್‌ಡೇಟ್ ಆಗಿದ್ದರೆ ಅದೇ ಮೊದಲು. ಆಮೇಲೆ ‘ಸಿಸ್ಟಮ್ ರಿಸ್ಟೋರ್’. ಆಮೇಲೆ ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಮೂಲಕ ರೀಸ್ಟಾರ್ಟ್ ಮಾಡಿ, 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್ನೆಟ್ ಸಹಿತ ಸೇಫ್ ಮೋಡ್. ಇದರಲ್ಲಿ ಅತ್ಯಗತ್ಯ ಡ್ರೈವರ್‌ಗಳು ಮಾತ್ರ ಏಳುತ್ತವೆ. ಹಾಗಾಗಿ ಕೆಟ್ಟ ಡ್ರೈವರನ್ನು ತೆಗೆಯಲು ದಾರಿಯಾಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತಾಗಲೂ ಪರಿಹಾರ ಇದೇ ಆಗಿತ್ತು: ಸೇಫ್ ಮೋಡಿಗೆ ಹೋಗಿ ಆ ಒಂದು ಫೈಲ್ ಅಳಿಸುವುದು.

‘ಪ್ರಿಪೇರಿಂಗ್ ಆಟೋಮ್ಯಾಟಿಕ್ ರಿಪೇರ್’ ಎಂದು ಸುತ್ತುತ್ತಲೇ ಇದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ /ಆಫ್‌ಬೂಟ್‌ಡಿರ್=ಸಿ:\ /ಆಫ್‌ವಿನ್‌ಡಿರ್=ಸಿ:\ವಿಂಡೋಸ್’ ಓಡಿಸಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ರೆಜಿಸ್ಟ್ರಿಯನ್ನು ‘ರೆಗ್‌ಬ್ಯಾಕ್’ ಫೋಲ್ಡರಿನಿಂದ ಮರಳಿ ತರುವ ಸಲಹೆ ಇನ್ನೂ ಎಲ್ಲೆಡೆ ಓಡಾಡುತ್ತಿದೆ. ವಿಂಡೋಸ್ 10ರ 1803 ಆವೃತ್ತಿಯಿಂದ ಆ ಫೋಲ್ಡರಿಗೆ ಬ್ಯಾಕಪ್ ತಾನಾಗಿ ಬರೆಯುವುದನ್ನು ನಿಲ್ಲಿಸಲಾಗಿದೆ. ಅಲ್ಲಿಯ ಫೈಲ್‌ಗಳು 0 ಬೈಟ್ ಇರುತ್ತವೆ. ಅವನ್ನು ಕಾಪಿ ಮಾಡಿದರೆ ಉಳಿದಿರುವ ರೆಜಿಸ್ಟ್ರಿಯೂ ಹೋಗುತ್ತದೆ.

‘ಸ್ಕ್ಯಾನಿಂಗ್ ಆ್ಯಂಡ್ ರಿಪೇರಿಂಗ್ ಡ್ರೈವ್’ ಪ್ರತಿ ಸಲ ಬರುತ್ತಿದ್ದರೆ ಒಮ್ಮೆ ಪೂರ್ತಿ ಮುಗಿಯಲು ಬಿಡಿ. ದೊಡ್ಡ ಹಾರ್ಡ್‌ಡಿಸ್ಕಿಗೆ ಗಂಟೆಗಟ್ಟಲೆ ಹಿಡಿಯಬಹುದು, ಶೇಕಡಾವಾರು ಒಂದೇ ಕಡೆ ನಿಂತಂತೆ ಕಂಡರೂ ಪವರ್ ತೆಗೆಯಬೇಡಿ. ಮುಗಿದ ಮೇಲೂ ಮರುದಿನ ಮತ್ತೆ ಬಂದರೆ ಡಿಸ್ಕೇ ಕೆಡುತ್ತಿದೆ.

ಡೆಸ್ಕ್‌ಟಾಪ್ ಬಂದ ಮೇಲೆ ಬರುವ ಸಂದೇಶಗಳು

ಇವು ಕಿರಿಕಿರಿ ಮಾಡುತ್ತವೆ, ಅಪಾಯ ಕಡಿಮೆ. ‘ವಿಸಿರನ್‌ಟೈಮ್140.ಡಿಎಲ್‌ಎಲ್ ವಾಸ್ ನಾಟ್ ಫೌಂಡ್’ ಎಂದರೆ ಹಲವು ಪ್ರೋಗ್ರಾಮ್‌ಗಳಿಗೆ ಬೇಕಾಗುವ ಮೈಕ್ರೋಸಾಫ್ಟಿನ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಫೈಲ್‌ಗಳ ಕಟ್ಟು ಇಲ್ಲ. ಅದರ ಎಕ್ಸ್‌86 (32 ಬಿಟ್) ಮತ್ತು ಎಕ್ಸ್‌64 (64 ಬಿಟ್) ಎರಡನ್ನೂ ಮೈಕ್ರೋಸಾಫ್ಟ್ ಸೈಟಿನಿಂದಲೇ ಹಾಕಿ. 64 ಬಿಟ್ ವಿಂಡೋಸಿನಲ್ಲೂ 32 ಬಿಟ್ ಪ್ರೋಗ್ರಾಮ್‌ಗಳಿರುತ್ತವೆ. ಬಿಡಿ ಡಿಎಲ್‌ಎಲ್ ಫೈಲ್ ಕೊಡುವ ಸೈಟ್‌ಗಳ ಕಡೆ ಹೋಗಬೇಡಿ, ಆ ಫೈಲಿನ ಜೊತೆ ಇನ್ನೇನು ಬರುತ್ತದೆ ಎಂದು ಹೇಳಲಾಗದು.

‘ರನ್‌ಡಿಎಲ್‌ಎಲ್: ದೇರ್ ವಾಸ್ ಎ ಪ್ರಾಬ್ಲಮ್ ಸ್ಟಾರ್ಟಿಂಗ್’ ಮತ್ತು ‘ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್: ಕೆನಾಟ್ ಫೈಂಡ್ ಸ್ಕ್ರಿಪ್ಟ್ ಫೈಲ್’ ಎಂಬ ಎರಡಕ್ಕೂ ಕಾರಣ ಹೆಚ್ಚಾಗಿ ಒಂದೇ. ಪ್ರೋಗ್ರಾಮ್ ತೆಗೆದಾಗಿದೆ, ಅಥವಾ ಆಂಟಿವೈರಸ್ ವೈರಸ್ಸನ್ನು ಅಳಿಸಿದೆ. ಆದರೆ ಅದನ್ನು ಪ್ರತಿ ಸಲ ಶುರುಮಾಡು ಎಂಬ ಆದೇಶ ಮಾತ್ರ ಹಾಗೇ ಉಳಿದಿದೆ. ಕಾಣೆಯಾದ ಫೈಲನ್ನು ಹುಡುಕಿ ತರುವುದು ತಪ್ಪು, ಉಳಿದ ಆದೇಶವನ್ನು ತೆಗೆಯಬೇಕು. ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ವಿಭಾಗದ ಆಟೋರನ್ಸ್ ಪ್ರೋಗ್ರಾಮನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಫೈಲ್ ಇಲ್ಲದ ಆದೇಶಗಳು ಹಳದಿ ಬಣ್ಣದಲ್ಲಿ ಕಾಣುತ್ತವೆ. ಎರರ್‌ನಲ್ಲಿದ್ದ ಫೈಲಿನ ಹೆಸರನ್ನು ಅಲ್ಲಿ ಹುಡುಕಿ, ಅದರ ಟಿಕ್ ತೆಗೆಯಿರಿ. ಅಳಿಸಬೇಡಿ, ಟಿಕ್ ತೆಗೆದರೆ ಸಾಕು. ತಪ್ಪಾದರೆ ಮರಳಿ ಹಾಕಬಹುದು. ಹಳದಿ ಕಂಡದ್ದಕ್ಕೆಲ್ಲ ಕೈ ಹಾಕುವುದೂ ಬೇಡ. ವೈರಸ್‌ನ ಉಳಿಕೆ ಎಂಬ ಅನುಮಾನವಿದ್ದರೆ ವಿಂಡೋಸ್ ಸೆಕ್ಯುರಿಟಿಯ ಆಫ್‌ಲೈನ್ ಸ್ಕ್ಯಾನ್ ಕೂಡ ಓಡಿಸಿ.

ಲಾಗಿನ್ ಆದಾಗ ನಿಮ್ಮ ಫೈಲ್‌ಗಳೆಲ್ಲ ಮಾಯವಾಗಿ, ಖಾತೆಗೆ ಸೈನ್ ಇನ್ ಆಗಲಿಲ್ಲ ಎಂಬ ಸಂದೇಶ ಬಂದರೆ ವಿಂಡೋಸ್ ತಾತ್ಕಾಲಿಕ ಪ್ರೊಫೈಲಿನಲ್ಲಿ ತೆರೆದಿದೆ. ಅಲ್ಲಿ ಉಳಿಸಿದ್ದು ಸೈನ್ ಔಟ್ ಆದ ಕೂಡಲೇ ಅಳಿಸಿಹೋಗುತ್ತದೆ, ಆದ್ದರಿಂದ ಯಾವ ಕೆಲಸವನ್ನೂ ಶುರುಮಾಡಬೇಡಿ. ಹಳೆಯ ಫೈಲ್‌ಗಳು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನಡಿ ಇವೆಯೇ ನೋಡಿ, ಇದ್ದರೆ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಬಳಿಕ ಶಟ್‌ಡೌನ್ ಮಾಡುವ ಬದಲು ‘ರೀಸ್ಟಾರ್ಟ್’ ಕೊಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇರುವ ಯಂತ್ರದಲ್ಲಿ ಶಟ್‌ಡೌನ್ ಎಂದರೆ ವಿಂಡೋಸಿನ ತಿರುಳು ಡಿಸ್ಕಿನಲ್ಲಿ ಹಾಗೇ ಉಳಿದು ಮರುದಿನ ಅದೇ ಸ್ಥಿತಿಯಲ್ಲಿ ಏಳುತ್ತದೆ; ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಮಾಡಿದಾಗ ಮಾತ್ರ. ಒಂದೆರಡು ಸಲ ರೀಸ್ಟಾರ್ಟ್ ಮಾಡಿದರೂ ಹಳೆಯ ಪ್ರೊಫೈಲ್ ಬರದಿದ್ದರೆ ಹೊಸ ಬಳಕೆದಾರ ಖಾತೆ ತೆರೆದು, ಕಾಪಿ ಮಾಡಿಟ್ಟ ಫೈಲ್‌ಗಳನ್ನು ಅಲ್ಲಿಗೆ ಸಾಗಿಸಿ.